ಲಘು ಲೋಹ, ಗುರು ಕಾರ್ಯ

ಭಾರವಾದದ್ದೇ ಬಲವಾದದ್ದು ಎಂಬ ನಂಬಿಕೆ ನಮ್ಮ ಜನರಲ್ಲಿ ಬಹು ಹಳೆಯದು. ಕಲ್ಲಿನ ಒರಳು, ಹಲಸಿನ ಮರದ ಬಾಗಿಲು, ಬೀಡುಕಬ್ಬಿಣದ ದೋಸೆಯ ಕಾವಲಿ, ಇವನ್ನು ಎತ್ತಿ ಇಳಿಸುವಾಗ ಸೊಂಟ ನೋಯುವುದು ನಿಜ. ಆದರೆ ಆ ನೋವಿನಲ್ಲಿಯೇ ಒಂದು ಭರವಸೆಯುಂಟು. ಅಲ್ಯೂಮಿನಿಯಂ ಪಾತ್ರೆ ಅಡಿಗೆಮನೆಯನ್ನು ಹೊಕ್ಕಾಗ ಹಿರಿಯರು ಅದನ್ನು ಕೈಯಲ್ಲಿ ತೂಗಿ ನೋಡಿ ತುಟಿಯನ್ನು ಓರೆ ಮಾಡಿದರು. ಬೇಗ ಕಾಯುತ್ತದೆ, ಬೇಗ ಆರುತ್ತದೆ, ಬಿದ್ದರೆ ನೆಗ್ಗುತ್ತದೆ ಎಂದು ಅವರ ತೀರ್ಪು. ಈ ತೀರ್ಪಿನ ಮೂರು ಮಾತುಗಳೂ ಸತ್ಯವಾದವೇ. ಸಾವಿರ ಅಶ್ವಶಕ್ತಿಯ ಮೋಟಾರು ಎಂಜಿನ್ನನ್ನು ಕಟ್ಟಲು ಹೊರಟವನು ಕೂಡ ಮೊಟ್ಟಮೊದಲು ಎದುರಿಸಬೇಕಾದವು ಈ ಮೂರು ಮಾತುಗಳೇ. ನಮ್ಮ ಅಜ್ಜಿಯರ ಲೋಹಶಾಸ್ತ್ರವನ್ನು ಅಲ್ಲಗಳೆಯುವಂತಿಲ್ಲ.

ಮೋಟಾರಿನ ಮುಚ್ಚಳವನ್ನು ಎತ್ತಿ ನೋಡುವ ಪ್ರಸಂಗ ಬಾರದಿರುವ ವಾಚಕರಿಗಾಗಿ, ಎಂಜಿನ್ನಿನ ಬ್ಲಾಕು ಎಂದರೇನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವುದು ಉಚಿತ. ಮನೆಗೆ ಅಸ್ತಿಭಾರವೂ ಗೋಡೆಯೂ ಕಂಬವೂ ಕೂಡಿ ಏನೋ, ಎಂಜಿನ್ನಿಗೆ ಅದು ಹಾಗೆ. ಅದರ ಒಡಲಿನಲ್ಲಿ ಸಿಲಿಂಡರುಗಳೆಂಬ ದುಂಡನೆಯ ಬಾವಿಗಳಿವೆ. ಆ ಬಾವಿಗಳಲ್ಲಿ ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತವೆ. ಬಾವಿಗಳ ಸುತ್ತ ನೀರು ಹರಿಯುವ ಓಣಿಗಳುಂಟು. ತಳದಲ್ಲಿ ಕ್ರ್ಯಾಂಕ್ ಷಾಫ್ಟು ಬೇರಿಂಗುಗಳ ನಡುವೆ ತಿರುಗುತ್ತದೆ. ನೆತ್ತಿಯ ಮೇಲೆ ಹೆಡ್ಡೆಂಬ ಮುಚ್ಚಳವನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಒಳಗೆ ಬೆಂಕಿ ಹತ್ತಿದ ಕ್ಷಣದಲ್ಲಿ ಅನಿಲವು ಹೆಡ್ಡನ್ನು ಮೇಲಕ್ಕೂ, ಕ್ರ್ಯಾಂಕನ್ನು ಕೆಳಕ್ಕೂ, ಬಾವಿಯ ಗೋಡೆಯನ್ನು ಹೊರಕ್ಕೂ ನೂಕುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿಯೂ ಈ ನೂಕಾಟ ನಿಮಿಷಕ್ಕೆ 3000 ಬಾರಿ ನಡೆಯತಕ್ಕದ್ದು. ಇಷ್ಟನ್ನೂ ತಡೆದುಕೊಂಡು, ಬಾವಿಗಳನ್ನು ದುಂಡಗೆಯೂ ಬೇರಿಂಗುಗಳನ್ನು ಒಂದೇ ಸಾಲಿನಲ್ಲಿಯೂ ನಿಲ್ಲಿಸಿಕೊಂಡಿರುವುದೇ ಬ್ಲಾಕಿನ ಧರ್ಮ. ಉಳಿದ ಅಂಗಗಳೆಲ್ಲ ಚಲಿಸಿ ಹೆಸರು ಪಡೆಯುತ್ತವೆ. ಇದು ಚಲಿಸದೆ ಇರುವುದರಿಂದಲೇ ಸಾರ್ಥಕವಾಗುತ್ತದೆ.

ಈ ವಿಷಯವನ್ನು ನಾನು ಹೊಸದಾಗಿ ಚಿಂತಿಸುವುದಕ್ಕೆ ಕಾರಣನಾದವನು ನನ್ನ ತಂಗಿಯ ಮಗ. ಅವನು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಎಂಜಿನಿಯರು. ವಾರದಲ್ಲಿ ಐದು ದಿನ ಅನ್ನಕ್ಕಾಗಿ ದುಡಿದು, ಉಳಿದೆರಡು ದಿನ ಮನೆಯ ಷೆಡ್ಡಿನಲ್ಲಿ ಪಂದ್ಯದ ಮೋಟಾರನ್ನು ಕಟ್ಟುವುದು ಅವನ ವ್ಯಸನ. ನಾನು ಮೂವತ್ತು ವರ್ಷ ಹುಡುಗರಿಗೆ ಯಂತ್ರಶಾಸ್ತ್ರವನ್ನು ಪಾಠ ಹೇಳಿದವನಾದುದರಿಂದ ನನಗೆ ಬರೆದು ಕೇಳಿದ: “ಮಾವ, ಸಾವಿರ ಅಶ್ವಶಕ್ತಿಯ ಎಂಜಿನ್ನು ಕಟ್ಟಬೇಕೆಂದಿದ್ದೇನೆ. ಬ್ಲಾಕು ಅಲ್ಯೂಮಿನಿಯಮ್ಮಿನದೇ ಆಗಬೇಕೆಂದು ಆಸೆ. ಆದರೆ ಅದರಲ್ಲಿ ಹತ್ತು ಬಗೆ ಇವೆ. ಯಾವುದನ್ನು ಕೊಳ್ಳಲಿ?” ಅದರ ಕೆಳಗೆ ಅವನ ಹೆಂಡತಿ ಒಂದು ಸಾಲು ಸೇರಿಸಿದ್ದಳು: “ಮಾವ, ಇದು ನಾಲ್ಕು ವರ್ಷ ಕೂಡಿಟ್ಟ ಹಣ. ಇದು ಒಡೆದರೆ ಇನ್ನೊಂದನ್ನು ಕೊಳ್ಳುವುದಿಲ್ಲವೆಂದು ಇವರಿಂದ ಮಾತು ತೆಗೆದುಕೊಂಡಿದ್ದೇನೆ. ನೋಡಿ ಹೇಳಿ.” ಅವನ ಪ್ರಶ್ನೆಗಿಂತ ಇವಳ ಸಾಲು ನನ್ನನ್ನು ಹೆಚ್ಚು ಎಚ್ಚರಗೊಳಿಸಿತು.

ಮೊದಲು ಲೋಹಗಳ ಗುಣದೋಷಗಳನ್ನು ನೋಡೋಣ. ಒಂದು ಘನ ಸೆಂಟಿಮೀಟರು ಬೀಡುಕಬ್ಬಿಣ ಸುಮಾರು 7.2 ಗ್ರಾಂ ತೂಗಿದರೆ, ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ ತೂಗುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಅದು ಕಬ್ಬಿಣವನ್ನು ಎರಡರಷ್ಟಕ್ಕೂ ಹೆಚ್ಚಾಗಿ ಮೀರಿಸುತ್ತದೆ. ಇವು ಗುಣಗಳು. ಇನ್ನು ದೋಷಗಳು: ಒಂದೇ ಅಳತೆಯ ತುಂಡುಗಳ ಮೇಲೆ ಒಂದೇ ಭಾರವನ್ನಿಟ್ಟರೆ ಅಲ್ಯೂಮಿನಿಯಂ ಕಬ್ಬಿಣದ ಒಂದೂವರೆಯಷ್ಟು ಬಳುಕುತ್ತದೆ, ಕಾದಾಗ ಎರಡರಷ್ಟು ಹಿಗ್ಗುತ್ತದೆ, 200 ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಅದರ ಕಸುವು ಬಹು ಬೇಗ ಇಳಿಯುತ್ತದೆ, ಉಜ್ಜಾಟಕ್ಕೆ ಸವೆಯುತ್ತದೆ. ಆದಕಾರಣ ಕಬ್ಬಿಣದ ಬ್ಲಾಕಿನ ಆಕಾರವನ್ನೇ ನಕಲು ಮಾಡಿ ಅದರ ಅಚ್ಚಿನಲ್ಲಿ ಅಲ್ಯೂಮಿನಿಯಂ ಹೊಯ್ದರೆ ಬ್ಲಾಕು ಆಗುವುದಿಲ್ಲ. ಬ್ಲಾಕಿನ ಬೊಂಬೆ ಆಗುತ್ತದೆ. ಗೋಡೆಯನ್ನು ದಪ್ಪ ಮಾಡಬೇಕು, ಅಲ್ಲಲ್ಲಿ ಏಣುಗಳನ್ನು ಕೊಡಬೇಕು, ತಳವನ್ನು ಕೆಳಕ್ಕೆ ಇಳಿಸಿ ಕಟ್ಟಬೇಕು. ಲೋಹದ ತೂಕ ಮೂರರಲ್ಲೊಂದು ಪಾಲಿನ ಹತ್ತಿರವಿದ್ದರೂ ಬ್ಲಾಕಿನ ತೂಕ ಅರ್ಧಕ್ಕೆ ಬಂದು ನಿಲ್ಲುವುದು ಇದರಿಂದಲೇ.

ಈ ಸತ್ಯವನ್ನು ಎಂಜಿನ್ನಿನ ಚರಿತ್ರೆ ಮೊದಲಿನಿಂದಲೂ ಹೇಳುತ್ತಲೇ ಬಂದಿದೆ. 1903ರಲ್ಲಿ ರೈಟ್ ಸೋದರರನ್ನು ನೆಲದಿಂದೆತ್ತಿದ ಎಂಜಿನ್ನನ್ನು ಡೇಟನ್ ನಗರದ ಅವರ ಅಂಗಡಿಯಲ್ಲಿ ಕಟ್ಟಿದವನು ಚಾರ್ಲ್ಸ್ ಟೇಲರ್ ಎಂಬ ಕುಶಲ ಕೆಲಸಗಾರ. ಅದರ ಒಡಲು ನೂರಕ್ಕೆ ಎಂಟು ಪಾಲು ತಾಮ್ರ ಬೆರೆತ ಅಲ್ಯೂಮಿನಿಯಂ ಎರಕ. ಆದರೆ ಪಿಸ್ಟನ್ನು ಉಜ್ಜುವ ಸಿಲಿಂಡರುಗಳು ಕಬ್ಬಿಣದವು. ಅದರ ಬಲ ಹನ್ನೆರಡು ಅಶ್ವಶಕ್ತಿ. ಹೊರುವ ಕಡೆ ಹಗುರ ಲೋಹ, ಉಜ್ಜುವ ಕಡೆ ಗಟ್ಟಿ ಲೋಹ ಎಂಬ ಸೂತ್ರ ಅಂದೇ ಸಿದ್ಧವಾಗಿತ್ತು. 1915ರ ವೇಳೆಗೆ ಬಾರ್ಸಿಲೋನದಲ್ಲಿದ್ದ ಸ್ವಿಸ್ ಶಿಲ್ಪಿ ಮಾರ್ಕ್ ಬಿರ್ಕಿಗ್ಟ್, ಹಿಸ್ಪಾನೊ-ಸೂಯಿಜಾ ಸಂಸ್ಥೆಗಾಗಿ ಎಂಟು ಸಿಲಿಂಡರುಗಳ ವಿಮಾನದ ಎಂಜಿನ್ನನ್ನು ರಚಿಸಿದನು. ನಾಲ್ಕು ನಾಲ್ಕು ಸಿಲಿಂಡರುಗಳಿಗೆ ಒಂದೊಂದು ಅಲ್ಯೂಮಿನಿಯಂ ಎರಕ. ಅದರೊಳಕ್ಕೆ ಮರೆ ಕೊರೆದು ತಿರುಪಿ ಕೂರಿಸಿದ ಉಕ್ಕಿನ ಕೊಳವೆಗಳು. ಬಿಡಿಬಿಡಿ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಆ ಕಾಲದಲ್ಲಿ, ಅವುಗಳನ್ನು ಒಂದೇ ಗೋಡೆಯಲ್ಲಿ ಹುದುಗಿಸಿ ಪರಸ್ಪರ ಆಸರೆ ಮಾಡಿದುದೇ ಆತನ ಹಿರಿಮೆ.

ಸಿಲಿಂಡರಿನ ಒಳಗೋಡೆಯಾದ ಈ ಕೊಳವೆಗೆ ಲೈನರು ಎಂದು ಹೆಸರು. ಅದನ್ನು ಕೂರಿಸುವುದರಲ್ಲಿಯೇ ಅಲ್ಯೂಮಿನಿಯಂ ಬ್ಲಾಕಿನ ಅರ್ಧ ವಿದ್ಯೆ ಅಡಗಿದೆ. ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುವಂತೆ ಮಾಡಿದರೆ ಅದು ‘ಒದ್ದೆ’ ಲೈನರು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನವನ್ನು ಹೊತ್ತ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನು ಈ ಜಾತಿಯದು. ಶಾಖ ಬಿಡುವುದರಲ್ಲಿ ಇದಕ್ಕೆ ಎಣೆಯಿಲ್ಲ. ಸವೆದ ಲೈನರನ್ನು ತೆಗೆದು ಬೇರೊಂದನ್ನು ಹಾಕುವುದೂ ಸುಲಭ. ಆದರೆ ಅದಕ್ಕೆ ಪಕ್ಕದ ಆಸರೆಯಿಲ್ಲ. ಮೇಲೂ ಕೆಳಗೂ ಹಿಡಿದ ಹಿಡಿತವೇ ಅದರ ಗತಿ. ಅಲ್ಲಿ ಕೂಡುವ ಸಂದು ಸೋರಿದರೆ ನೀರು ಎಣ್ಣೆಯನ್ನು ಸೇರುತ್ತದೆ. ಮರ್ಲಿನ್ನಿನ ಮೊದಲ ಮಾದರಿಗಳಲ್ಲಿ ಸಿಲಿಂಡರಿನ ಮೈಯೂ ಹೆಡ್ಡೂ ಒಂದೇ ಎರಕವಾಗಿದ್ದವು. ಆಮೇಲೆ ಅವನ್ನು ಎರಡು ತುಂಡಾಗಿ ಮಾಡಬೇಕಾಯಿತು. ಇಂಥ ತಿದ್ದುಪಡಿಗಳ ಫಲವಾಗಿ ಅದೇ 27 ಲೀಟರು ಒಡಲಿನಿಂದ ಯುದ್ಧದ ಮೊದಲಲ್ಲಿ ಸುಮಾರು ಸಾವಿರ, ಕೊನೆಯಲ್ಲಿ ಎರಡು ಸಾವಿರಕ್ಕೂ ಮೀರಿದ ಅಶ್ವಶಕ್ತಿ ಹೊರಟಿತು. ಹಗುರ ಲೋಹದಿಂದ ಭಾರಿ ಬಲ ಬಾರದೆಂಬ ಸಂಶಯ ಅಂದಿಗೇ ಕಳೆಯಿತು. ಆದರೆ ಆ ಎಂಜಿನ್ನುಗಳನ್ನು ಕೆಲವು ನೂರು ಗಂಟೆಗಳ ಓಟಕ್ಕೊಮ್ಮೆ ಪೂರ್ತಿ ಬಿಚ್ಚಿ ಕಟ್ಟುತ್ತಿದ್ದರೆಂಬುದನ್ನು ಮರೆಯಬಾರದು. ವಿಮಾನದಳಕ್ಕೆ ಒಪ್ಪುವ ಈ ವ್ಯವಸ್ಥೆ ಸಂಸಾರಸ್ಥನಿಗೆ ಒಪ್ಪುವುದಿಲ್ಲ.

ನೆಲದ ಮೇಲೆ ಓಡುವ ಮೋಟಾರಿಗೆ ಬರೋಣ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1961ರ ಮಾದರಿಗಾಗಿ ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನೊಂದನ್ನು ಹೊರತಂದಿತು. ಕಬ್ಬಿಣದ ಲೈನರುಗಳನ್ನು ಅಚ್ಚಿನಲ್ಲಿಯೇ ಇಟ್ಟು ಸುತ್ತಲೂ ಅಲ್ಯೂಮಿನಿಯಂ ಹೊಯ್ಯುವ ಕ್ರಮ ಅದರದು. ಖರ್ಚು ಹೆಚ್ಚೆಂದು 1963ಕ್ಕೆ ಅದನ್ನು ನಿಲ್ಲಿಸಿದರು. ತೌರುಮನೆ ಬಿಟ್ಟುಕೊಟ್ಟ ಆ ಎಂಜಿನ್ನನ್ನು ಇಂಗ್ಲೆಂಡಿನ ರೋವರ್ ಸಂಸ್ಥೆ ಕೊಂಡು, 1967ರಿಂದ ಮೊದಲ್ಗೊಂಡು ಮೂವತ್ತು ವರ್ಷಕ್ಕೂ ಮಿಕ್ಕು ಬಳಸಿತು. ಇದಕ್ಕಿಂತ ಸ್ವಾರಸ್ಯವಾದ ಕಥೆ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನಡೆಯಿತು. ಅಲ್ಲಿನ ರೆಪ್ಕೊ ಸಂಸ್ಥೆಯವರು ಇದೇ ವಂಶದ ಓಲ್ಡ್ಸ್‌ಮೊಬೈಲ್ ಬ್ಲಾಕನ್ನು ತೆಗೆದುಕೊಂಡು, ಅದರ ತಳಕ್ಕೆ ಉಕ್ಕಿನ ತಗಡೊಂದನ್ನು ಬಿಗಿದು, ಬಳುಕುವ ಒಡಲಿಗೆ ನಡುಕಟ್ಟು ಕಟ್ಟಿದಂತೆ ಮಾಡಿ, ಪಂದ್ಯದ ಎಂಜಿನ್ನನ್ನು ರಚಿಸಿದರು. 1966ರಲ್ಲಿ ಜಾಕ್ ಬ್ರಾಬಮ್ ತನ್ನ ಹೆಸರಿನದೇ ಆದ ಕಾರಿನಲ್ಲಿ ಈ ಎಂಜಿನ್ನನ್ನಿಟ್ಟು ಫಾರ್ಮ್ಯುಲಾ ಒನ್ ಜಗದ್ವಿಜೇತನಾದನು. ಮನೆಬಳಕೆಯ ಬ್ಲಾಕು ಜಗತ್ತನ್ನೇ ಗೆದ್ದಿತು ಎಂದು ಜನ ಬೆರಗಾದರು. ಆದರೆ ಮರುವರ್ಷಕ್ಕೆ ರೆಪ್ಕೊದವರು ಏನು ಮಾಡಿದರು? ಆ ಬ್ಲಾಕನ್ನು ಬಿಟ್ಟು ತಮ್ಮದೇ ಎರಕವನ್ನು ಹೊಯ್ದುಕೊಂಡರು. ಗೆದ್ದ ಬ್ಲಾಕಿನ ಮೇರೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಹೀಗೆ ಮೇರೆಯನ್ನು ಅರಿತು ನಿಲ್ಲುವುದೇ ಈ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠವನ್ನು ಕಲಿಸಿದ್ದು 1971ರ ಮಾದರಿಯ ಷೆವ್ರೊಲೆ ವೇಗಾ. ಲೈನರೇ ಬೇಡವೆಂದು ಅದರ ಶಿಲ್ಪಿಗಳ ಸಂಕಲ್ಪ. ನೂರಕ್ಕೆ ಸುಮಾರು ಹದಿನೇಳು ಪಾಲು ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮಿನಲ್ಲಿ ಬ್ಲಾಕನ್ನು ಎರೆದು, ಬಾವಿಯ ಗೋಡೆಯ ಮೇಲ್ಪದರದ ಮೆದು ಲೋಹವನ್ನು ಸಂಸ್ಕಾರದಿಂದ ಕರಗಿಸಿ, ಗಟ್ಟಿಯಾದ ಸಿಲಿಕಾನಿನ ಹರಳುಗಳು ಮೇಲೆದ್ದು ನಿಲ್ಲುವಂತೆ ಮಾಡಿದರು. ಪಿಸ್ಟನ್ನು ಆ ಹರಳುಗಳ ಮೇಲೆ ಜಾರಬೇಕು. ಉಪಾಯ ಸೊಗಸಾದದ್ದೇ. ಆದರೆ ಬ್ಲಾಕಿನ ಮೇಲೆ ಕೂರಿಸಿದ ಹೆಡ್ಡು ಕಬ್ಬಿಣದ್ದು. ಬಾವಿಗಳ ನೆತ್ತಿಗೆ ಆಸರೆಯಿಲ್ಲ. ನೀರಿನ ವ್ಯವಸ್ಥೆ ಬಿಗಿಯಾಗಿರಲಿಲ್ಲ. ಎಂಜಿನ್ನು ಒಮ್ಮೆ ಮಿತಿಮೀರಿ ಕಾದರೆ ಬಾವಿಗಳು ದುಂಡನ್ನು ಕಳೆದುಕೊಂಡು, ಪಿಸ್ಟನ್ನು ಗೋಡೆಯನ್ನು ಗೀರಿ, ಎಣ್ಣೆ ಹೊಗೆಯಾಗಿ ಹೋಗುತ್ತಿತ್ತು. ಅಲ್ಯೂಮಿನಿಯಮ್ಮಿಗೆ ಇದರಿಂದ ಬಂದ ಕೆಟ್ಟ ಹೆಸರು ಬಹುಕಾಲ ಉಳಿಯಿತು. ಆದರೆ 1977ರಲ್ಲಿ ಪೋರ್ಷೆ ಸಂಸ್ಥೆ ತನ್ನ 928ರ ಎಂಜಿನ್ನನ್ನು ಇದೇ ಜಾತಿಯ ಲೋಹದಲ್ಲಿ, ಲೈನರಿಲ್ಲದೆಯೇ ಎರೆದು ಕೀರ್ತಿ ಪಡೆಯಿತು. ಲೋಹ ಅದೇ, ಮೇಲಣ ಹೆಡ್ಡೂ ಒಳಗಣ ನೀರೂ ಬೇರೆ. ಆದುದರಿಂದ ಲೋಹವನ್ನು ನಿಂದಿಸುವುದಕ್ಕೆ ಮುಂಚೆ ಅದರ ಸಹವಾಸವನ್ನು ವಿಚಾರಿಸಬೇಕು.

‘ಬಾವಿಗಳ ನೆತ್ತಿಗೆ ಆಸರೆಯಿಲ್ಲ’ ಎಂದೆನಲ್ಲವೆ? ಹೆಚ್ಚು ಬಲವನ್ನು ಬಯಸುವವನು ಬ್ಲಾಕನ್ನು ಕೊಳ್ಳುವಾಗ ಕಣ್ಣಿಟ್ಟು ನೋಡಬೇಕಾದ ಜಾಗ ಅದೇ. ಹೆಡ್ಡನ್ನು ತೆಗೆದು ಮೇಲಿನಿಂದ ನೋಡಿದರೆ ಕೆಲವು ಬ್ಲಾಕುಗಳಲ್ಲಿ ಸಿಲಿಂಡರುಗಳು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದ ಕೊಳಗಗಳಂತೆ ಕಾಣುತ್ತವೆ. ಅವುಗಳ ಬಾಯಿಗೂ ಹೊರಗೋಡೆಗೂ ಸಂಬಂಧವಿಲ್ಲ. ಇದು ತೆರೆದ ಮೇಲ್ಮೈ. ಎರಕಕ್ಕೆ ಸುಲಭ, ತಂಪಿಗೆ ಉತ್ತಮ. ಹೋಂಡಾ ಮುಂತಾದವರ ನಿತ್ಯಬಳಕೆಯ ಎಂಜಿನ್ನುಗಳು ಹೀಗಿದ್ದು ಬಹುಕಾಲ ಸೊಗಸಾಗಿ ಓಡುತ್ತವೆ. ಆದರೆ ಟರ್ಬೊ ಸೇರಿಸಿ ಬಲವನ್ನು ಎರಡು ಮೂರು ಪಟ್ಟು ಏರಿಸಿದರೆ, ಒಂದೊಂದು ಸ್ಫೋಟಕ್ಕೂ ಕೊಳಗದ ಬಾಯಿ ಕೂದಲೆಳೆಯಷ್ಟು ಅತ್ತಿತ್ತ ಒಲೆಯುತ್ತದೆ. ಮೇಲಿನ ಗ್ಯಾಸ್ಕೆಟ್ಟು ಉಜ್ಜಿ ಉಜ್ಜಿ ಸೋಲುತ್ತದೆ. ಇನ್ನು ಕೆಲವು ಬ್ಲಾಕುಗಳಲ್ಲಿ ಬಾವಿಯ ಬಾಯಿಯ ಸುತ್ತ ಲೋಹದ ಕಟ್ಟೆಯೇ ಇದ್ದು, ನೀರು ಸಣ್ಣ ರಂಧ್ರಗಳಿಂದ ಮಾತ್ರ ಮೇಲಕ್ಕೆ ಹೋಗುತ್ತದೆ. ಇದು ಮುಚ್ಚಿದ ಮೇಲ್ಮೈ. ಅಚ್ಚಿನೊಳಗೆ ಮರಳಿನ ತಿರುಳನ್ನಿಟ್ಟು ಎರೆಯಬೇಕಾದುದರಿಂದ ಇದಕ್ಕೆ ಶ್ರಮ ಹೆಚ್ಚು. ಬಲಕ್ಕೆ ಮಾತ್ರ ಇದೇ ಭದ್ರ. ಅಲ್ಲೊಂದು ಇಲ್ಲೊಂದು ಸೇತುವೆ ಬಿಟ್ಟ ಮಧ್ಯಮ ಜಾತಿಯೂ ಉಂಟು. ಕಟ್ಟೆಯಿಲ್ಲದ ಬಾವಿಯ ದಡ ಕುಸಿಯುವುದನ್ನು ಕಂಡ ನಮ್ಮ ಹಳ್ಳಿಯವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಯೂಮಿನಿಯಂ ಗೋಡೆಗೆ ಒತ್ತಿ ಕೂರಿಸಿದ ಕಬ್ಬಿಣದ ಕೊಳವೆಗೆ ‘ಒಣ’ ಲೈನರು ಎನ್ನುತ್ತಾರೆ. ನೀರು ಇದನ್ನು ಮುಟ್ಟುವುದಿಲ್ಲ. ಮೈಯುದ್ದಕ್ಕೂ ಆಸರೆ ಉಂಟು. ಇದರ ತೊಡಕೇನೆಂದರೆ, ಕಾದಾಗ ಹೊರಗಿನ ಲೋಹ ಒಳಗಿನದಕ್ಕಿಂತ ಎರಡರಷ್ಟು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಅದಕ್ಕಾಗಿ ಬ್ಲಾಕನ್ನು ಕಾಯಿಸಿ, ರಂಧ್ರಕ್ಕಿಂತ ತುಸು ದಪ್ಪನಾದ ಲೈನರನ್ನು ಇಳಿಸಿ, ತಣ್ಣಗಾದಾಗ ಬಿಗಿಯುವಂತೆ ಮಾಡುತ್ತಾರೆ. ಕೆಳಕ್ಕೆ ಜಾರದಂತೆ ಬಾಯಲ್ಲೊಂದು ಅಂಚನ್ನು ಬಿಡುತ್ತಾರೆ. ಸ್ವಭಾವ ಬೇರೆಯಾದ ಇಬ್ಬರನ್ನು ಒಂದು ಮನೆಯಲ್ಲಿ ಬಾಳಿಸಬೇಕಾದರೆ ಮೊದಲೇ ಸ್ವಲ್ಪ ಬಿಗಿಯಿರಬೇಕೆಂಬುದು ಹಿರಿಯರ ಅನುಭವ. ಈ ತೊಡಕೇ ಬೇಡವೆಂದು, 2007ರಲ್ಲಿ ಬಂದ ನಿಸಾನ್ ಜಿಟಿ-ಆರ್ ಕಾರಿನ ಎಂಜಿನ್ನಿನಲ್ಲಿ ಲೈನರನ್ನು ತೆಗೆದುಹಾಕಿ, ಕರಗಿದ ಕಬ್ಬಿಣವನ್ನು ಮಿಲಿಮೀಟರಿನ ಆರರಲ್ಲೊಂದು ಪಾಲಿಗಿಂತಲೂ ತೆಳ್ಳಗೆ ಗೋಡೆಗೆ ಸಿಂಪಡಿಸಿದರು. ಶಾಖಕ್ಕೆ ತಡೆಯಿಲ್ಲ, ತೂಕವೂ ಇಲ್ಲ. ಆದರೆ ಆಳವಾದ ಗೀರು ಬಿದ್ದರೆ ಷೆಡ್ಡಿನಲ್ಲಿ ಸರಿಮಾಡುವ ಕೆಲಸವಲ್ಲ.

ಎಲ್ಲಕ್ಕೂ ತುದಿಯೆಂದರೆ ಅಮೆರಿಕದ ‘ಟಾಪ್ ಫ್ಯೂಯೆಲ್’ ನೇರೋಟದ ಪಂದ್ಯ. ಅಲ್ಲಿನ ಎಂಜಿನ್ನು ಹನ್ನೊಂದು ಸಾವಿರ ಅಶ್ವಶಕ್ತಿಯ ಆಸುಪಾಸಿನದು; ಅದರ ಬ್ಲಾಕನ್ನು ಎರೆಯುವುದಿಲ್ಲ; ಒತ್ತಿ ಗಟ್ಟಿಮಾಡಿದ ಅಲ್ಯೂಮಿನಿಯಂ ಗಟ್ಟಿಯಿಂದ ವಿಗ್ರಹವನ್ನು ಕಡೆದಂತೆ ಕಡೆಯುತ್ತಾರೆ. ಅದರಲ್ಲಿ ನೀರಿನ ಓಣಿಯೇ ಇಲ್ಲ! ಬಾವಿಯ ಸುತ್ತಲೂ ಇಡಿಯ ಲೋಹ. ಸಾವಿರ ಅಡಿಯ ಆ ಓಟ ನಾಲ್ಕು ಸೆಕೆಂಡಿನೊಳಗೆ ಮುಗಿದುಹೋಗುವುದರಿಂದ ತಂಪಿನ ಚಿಂತೆ ಅದಕ್ಕಿಲ್ಲ. ನಿತ್ಯ ಓಡುವ ಬ್ಲಾಕಿನಲ್ಲಿ ನೀರಿಗೆ ಕೊಟ್ಟ ಒಂದೊಂದು ಅಂಗುಲವೂ ಬಲದಿಂದ ಕಿತ್ತುಕೊಂಡದ್ದು. ಬಲಕ್ಕೆ ಕೊಟ್ಟ ಒಂದೊಂದು ಅಂಗುಲವೂ ನೀರಿನಿಂದ ಕಿತ್ತುಕೊಂಡದ್ದು. ಈ ಎರಡರ ಪಾಲುಪಟ್ಟಿಯೇ ಬ್ಲಾಕಿನ ರಚನೆ ಎಂದು ನನಗೆ ತೋರುತ್ತದೆ. ಕಬ್ಬಿಣವೂ ಇನ್ನೂ ಸೋತಿಲ್ಲ. 1997ರಲ್ಲಿ ಕಾರ್ವೆಟ್ ಕಾರಿಗೆ ಅಲ್ಯೂಮಿನಿಯಂ ಬ್ಲಾಕಿನ ಎಂಜಿನ್ನನ್ನು ಕೊಟ್ಟ ಜನರಲ್ ಮೋಟರ್ಸ್ ಸಂಸ್ಥೆಯೇ, ಸಾವಿರವನ್ನು ಮೀರಿದ ಅಶ್ವಶಕ್ತಿಯನ್ನು ಬಯಸುವವರಿಗಾಗಿ ಅದೇ ವಂಶದಲ್ಲಿ ಕಬ್ಬಿಣದ ಬ್ಲಾಕನ್ನೂ ಆಮೇಲೆ ಹೊರತಂದಿತು.

ಇಷ್ಟನ್ನೂ ಮನಸ್ಸಿನಲ್ಲಿ ತಿರುವಿಹಾಕಿ, ನಾನು ಹುಡುಗನಿಗೆ ಉತ್ತರವನ್ನು ಬರೆಯದೆ ನಾಲ್ಕು ಪ್ರಶ್ನೆಗಳನ್ನು ಬರೆದೆ. ಆ ಬಲ ಒಮ್ಮೆಗೆ ಎಷ್ಟು ಹೊತ್ತು ಬೇಕು? ಮೂಗಿನ ಮೇಲೆ ನಲವತ್ತು ಕಿಲೋಗ್ರಾಂ ಹೆಚ್ಚಾದರೆ ನಿನ್ನ ಕಾರಿಗೆ ಅದು ಹೊರೆಯೇ? ಒಂದು ಸಿಲಿಂಡರು ಕೆಟ್ಟರೆ ಅದೊಂದನ್ನೇ ಸರಿಮಾಡುವ ಕುಶಲಿ ನಿನ್ನ ಊರಿನಲ್ಲಿ ಇದ್ದಾನೆಯೇ? ಕಡೆಯದಾಗಿ, ಸಾವಿರವೇ ಏಕೆ?

ಮೊದಲ ಮೂರಕ್ಕೆ ಉತ್ತರ ಕೂಡಲೇ ಬಂತು. ಅವನ ಪಂದ್ಯ ನೇರೋಟದ್ದಲ್ಲ. ಸುತ್ತುದಾರಿಯಲ್ಲಿ ಒಮ್ಮೆಗೆ ಇಪ್ಪತ್ತು ನಿಮಿಷ ಓಡತಕ್ಕದ್ದು. ಅಲ್ಲಿಗೆ ನೀರಿಲ್ಲದ ಗಟ್ಟಿ ಬ್ಲಾಕು ಲೆಕ್ಕದಿಂದ ಹೋಯಿತು. ತಿರುವುಗಳಲ್ಲಿ ಮೂಗಿನ ಭಾರ ಹೊರೆಯೇ, ಕಬ್ಬಿಣವೂ ಹೋಯಿತು. ಊರಿನಲ್ಲಿ ಲೈನರು ಕೂರಿಸುವ ಕುಶಲಿ ಇದ್ದಾನೆ, ಗೋಡೆಗೆ ಸಿಂಪಡಿಸುವವನಿಲ್ಲ. ಉಳಿದದ್ದು ದಪ್ಪ ಗೋಡೆಯ, ಮುಚ್ಚಿದ ಮೇಲ್ಮೈಯ, ಎರೆದು ಹದಗೊಳಿಸಿದ, ಒಣ ಲೈನರಿನ ಬ್ಲಾಕು. ಬೇರಿಂಗಿನ ಟೊಪ್ಪಿಗೆಗಳು ಉಕ್ಕಿನವಾಗಿದ್ದು, ಕೆಳಗಿನಿಂದಲೂ ಪಕ್ಕಗಳಿಂದಲೂ ಬೋಲ್ಟು ಬಿಗಿದಿರಬೇಕು. ಜೊತೆಗೆ ಎರಡು ಚಿಕ್ಕ ಮಾತುಗಳನ್ನು ಬರೆದೆ. ಅಲ್ಯೂಮಿನಿಯಂ ಕಾದಂತೆಲ್ಲ ಬೇರಿಂಗಿನ ಸಂದು ಅಗಲವಾಗುವುದರಿಂದ ತಣ್ಣಗಿರುವಾಗ ಕಬ್ಬಿಣಕ್ಕಿಂತ ತುಸು ಬಿಗಿಯಾಗಿ ಇಡಬೇಕು. ಬಾವಿಯನ್ನು ಕಡೆಯ ಬಾರಿ ನುಣುಪು ಮಾಡುವಾಗ ಹೆಡ್ಡಿನ ಜಾಗದಲ್ಲಿ ದಪ್ಪ ಹಲಗೆಯೊಂದನ್ನು ಬಿಗಿದಿರಬೇಕು. ಇಲ್ಲವಾದರೆ ಬಿಡುವಾಗಿ ದುಂಡಗಿದ್ದ ಬಾವಿ, ಬಿಗಿದ ಮೇಲೆ ಸೊಟ್ಟಗಾಗುತ್ತದೆ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಬರಲು ಒಂದು ತಿಂಗಳು ಹಿಡಿಯಿತು. “ಮಾವ, ಸಾವಿರ ಎನ್ನುವುದು ಹೇಳಿಕೊಳ್ಳಲು ಚೆನ್ನಾಗಿತ್ತು, ಅಷ್ಟೇ. ಎಂಟುನೂರು ಸಾಕು. ಉಳಿದ ಹಣವನ್ನು ಎಣ್ಣೆಯ ಪಂಪಿಗೂ ರೇಡಿಯೇಟರಿಗೂ ಹಾಕುತ್ತೇನೆ” ಎಂದು ಬರೆದಿದ್ದ. ಎಂಜಿನ್ನು ಎರಡು ಬೇಸಗೆ ಓಡಿದೆ. ಹೋದ ಚಳಿಗಾಲದಲ್ಲಿ ಬಿಚ್ಚಿ ಅಳೆದಾಗ ಏಳು ಬಾವಿಗಳು ದುಂಡಗೆ ಇದ್ದವು. ಎಂಟನೆಯದರಲ್ಲಿ ಎಂಥದೋ ಮರಳಿನ ಕಣ ಸಿಕ್ಕಿ ಗೀರು ಬಿದ್ದಿತ್ತು. ಅದೊಂದು ಲೈನರನ್ನು ತೆಗೆದು ಹೊಸದನ್ನು ಕೂರಿಸಿದರು. ಬ್ಲಾಕೂ ಉಳಿಯಿತು, ಹೆಂಡತಿಗೆ ಕೊಟ್ಟ ಮಾತೂ ಉಳಿಯಿತು.

ನಮ್ಮ ಛಂದಶ್ಶಾಸ್ತ್ರದಲ್ಲಿ ಲಘು ಗುರುಗಳೆಂದು ಎರಡುಂಟು. ಲಘು ಕೀಳೆಂದಾಗಲಿ ಗುರು ಮೇಲೆಂದಾಗಲಿ ಯಾವ ಲಾಕ್ಷಣಿಕನೂ ಹೇಳಿಲ್ಲ. ಬರಿಯ ಗುರುಗಳಿಂದ ಕಟ್ಟಿದ ಸಾಲು ನಡೆಯಲಾರದೆ ಕುಳಿತುಬಿಡುತ್ತದೆ. ಬರಿಯ ಲಘುಗಳಿಂದ ಕಟ್ಟಿದ್ದು ನಿಲ್ಲಲಾರದೆ ಹಾರಿಹೋಗುತ್ತದೆ. ಯಾವುದು ಎಲ್ಲಿ ಬಿದ್ದಿತೆಂಬುದರಲ್ಲಿ ಸಾಲಿನ ಬಲವಿದೆ. ಹಗುರ ಲೋಹದಲ್ಲಿ ಭಾರಿ ಬಲವನ್ನು ಹಿಡಿಯಹೊರಟವನ ಕೆಲಸವೂ ಅಂಥದೇ: ಉಜ್ಜುವಲ್ಲಿ ಕಬ್ಬಿಣ, ಹೊರುವಲ್ಲಿ ಅಲ್ಯೂಮಿನಿಯಂ, ಬಿಗಿಯುವಲ್ಲಿ ಉಕ್ಕು, ಸುತ್ತ ನೀರು. ಇವುಗಳ ಸ್ಥಾನವನ್ನು ಅರಿಯುವುದಕ್ಕೆ ಮುಂಚೆ, ತನಗೆ ಬೇಕಾದ ಬಲವೆಷ್ಟೆಂಬುದನ್ನು ಅವನು ಸತ್ಯವಾಗಿ ತಿಳಿದಿರಬೇಕು. ಅದು ತಿಳಿಯದವನಿಗೆ ಯಾವ ಲೋಹವೂ ಸಾಲದು.